ಬಾಟಲಿಯೊಳಗಿನ ಟೊಮೆಟೊ: ಹಣ್ಣು ಕೆಡದಂತೆ ಕಾಪಾಡುವ ವಿಜ್ಞಾನ



ಟೊಮೆಟೊ ಬೆಲೆ ಕುಸಿದಾಗ ಏನಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಕೊಯ್ಯುವ ಕೂಲಿಯೂ ಹುಟ್ಟುವುದಿಲ್ಲವೆಂದು ಹಣ್ಣನ್ನು ಗಿಡದಲ್ಲೇ ಬಿಡುತ್ತಾರೆ. ಕೊಯ್ದದ್ದನ್ನು ದನಗಳಿಗೆ ಹಾಕುತ್ತಾರೆ, ಕೆಲವೊಮ್ಮೆ ರಸ್ತೆ ಬದಿಗೆ ಸುರಿಯುತ್ತಾರೆ. ಎರಡು ಮೂರು ತಿಂಗಳು ಕಳೆಯಲಿ, ಅದೇ ಟೊಮೆಟೊವನ್ನು ಸಂತೆಯಲ್ಲಿ ಕಾಲು ಕೆ.ಜಿ. ಕೊಳ್ಳಲೂ ಅಮ್ಮ ಹಿಂದೆ ಮುಂದೆ ನೋಡುತ್ತಾರೆ!

ಟೊಮೆಟೊ ಸಾರಿಗೆ ಹಾಕುವ ತರಕಾರಿಯಲ್ಲವೇ, ಹಣ್ಣು ಹೇಗಾದೀತು ಎನ್ನುವಿರಾ? ಹೂವಿನ ಅಂಡಾಶಯ ಬೆಳೆದು, ಒಳಗೆ ಬೀಜವಿಟ್ಟುಕೊಂಡರೆ ಸಸ್ಯವಿಜ್ಞಾನದಲ್ಲಿ ಅದು ಹಣ್ಣೇ.

ಐ.ಡಿ.ಹಳ್ಳಿಯ ಸುತ್ತಮುತ್ತ, ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮಳೆ ಕಡಿಮೆ. ಆದರೂ ಹುಣಸೆ, ಮಾವು, ನೆಲ್ಲಿ, ನಿಂಬೆ, ದಾಳಿಂಬೆ, ಪರಂಗಿ, ಸೀತಾಫಲ ಒಂದೊಂದು ಕಾಲದಲ್ಲಿ ಒಂದೊಂದು ಸಿಗುತ್ತವೆ. ಸಿಗುವಾಗ ಬೇಕಾದಷ್ಟು, ಆಮೇಲೆ ಏನೂ ಇಲ್ಲ. ಹೆಚ್ಚಿದ್ದಾಗಿನದನ್ನು ಇಲ್ಲದ ಕಾಲಕ್ಕೆ ಉಳಿಸುವುದು ಹೇಗೆ? ಕಡಿಮೆ ಖರ್ಚಿನಲ್ಲಿ, ಆರೋಗ್ಯಕ್ಕೆ ತೊಂದರೆಯಾಗದಂತೆ ಉಳಿಸುವುದು ಹೇಗೆ? ಇದೇ ಇಂದಿನ ಪಾಠ.

ಹಣ್ಣು ಏಕೆ ಕೆಡುತ್ತದೆ?

ಕೊಯ್ದ ಹಣ್ಣಿಗೂ ಜೀವವಿರುತ್ತದೆ. ಅದರ ಜೀವಕೋಶಗಳು ಉಸಿರಾಡುತ್ತಲೇ ಇರುತ್ತವೆ. ಅವುಗಳಲ್ಲಿರುವ ಕಿಣ್ವಗಳು ಹಣ್ಣನ್ನು ಮಾಗಿಸುತ್ತವೆ, ಮೆತ್ತಗೆ ಮಾಡುತ್ತವೆ, ಕೊನೆಗೆ ಕೊಳೆಯುವ ಸ್ಥಿತಿಗೆ ತರುತ್ತವೆ. ಸೀಬೆಹಣ್ಣನ್ನು ಹೆಚ್ಚಿಟ್ಟರೆ ಕಂದು ಬಣ್ಣಕ್ಕೆ ತಿರುಗುವುದೂ ಕಿಣ್ವದ ಕೆಲಸವೇ.

ಇನ್ನೊಂದು ಕಾರಣ ಸೂಕ್ಷ್ಮಜೀವಿಗಳು. ಇವುಗಳಲ್ಲಿ ಮೂರು ಬಗೆ ಮುಖ್ಯ: ಬೂಷ್ಟು, ಯೀಸ್ಟ್ ಮತ್ತು ಬ್ಯಾಕ್ಟೀರಿಯ. ಗಾಳಿ, ಮಣ್ಣು, ನೀರು, ನಮ್ಮ ಕೈ, ಹಣ್ಣಿನ ಸಿಪ್ಪೆ, ಹೀಗೆ ಎಲ್ಲೆಲ್ಲೂ ಇವು ಇವೆ. ಸಿಪ್ಪೆ ಗಟ್ಟಿಯಾಗಿರುವ ತನಕ ಒಳಗೆ ಹೋಗುವುದು ಕಷ್ಟ. ಎಲ್ಲಾದರೂ ಗಾಯವಾಯಿತೋ, ಒಳನುಗ್ಗಿ ಬೆಳೆಯತೊಡಗುತ್ತವೆ. ಇವು ಬೆಳೆಯಲು ಆಹಾರ, ನೀರು, ಬೆಚ್ಚನೆಯ ವಾತಾವರಣ ಬೇಕು. ಬೂಷ್ಟಿಗೆ ಗಾಳಿಯೂ ಬೇಕು. ಇವುಗಳಲ್ಲಿ ಒಂದನ್ನು ಕಿತ್ತುಕೊಂಡರೂ ಸಾಕು, ಅವುಗಳ ಬೆಳವಣಿಗೆ ನಿಲ್ಲುತ್ತದೆ. ಸಂರಕ್ಷಣೆಯ ಎಲ್ಲ ವಿಧಾನಗಳ ಗುಟ್ಟು ಇಷ್ಟೇ!

ಅಜ್ಜಿಯ ಅಡುಗೆಮನೆಯಲ್ಲಿ ವಿಜ್ಞಾನ

ಹುಣಸೆಹಣ್ಣನ್ನು ನೋಡಿ. ಮರದಿಂದ ಬಡಿದು, ಸಿಪ್ಪೆ ತೆಗೆದು, ಬೀಜ ಮತ್ತು ನಾರು ಬಿಡಿಸಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ಉಪ್ಪು ಬೆರೆಸಿ ಮಡಕೆಗೆ ಅದುಮಿ ತುಂಬುತ್ತಾರೆ. ವರ್ಷವಾದರೂ ಕೆಡುವುದಿಲ್ಲ. ಇಲ್ಲಿ ನಾಲ್ಕು ತಂತ್ರಗಳು ಒಟ್ಟಿಗೆ ಕೆಲಸ ಮಾಡಿವೆ:

1. ಒಣಗಿಸಿದ್ದರಿಂದ ನೀರು ಹೋಯಿತು.
2. ಉಪ್ಪು ಉಳಿದ ನೀರನ್ನು ಹಿಡಿದಿಟ್ಟುಕೊಂಡಿತು.
3. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಬ್ಯಾಕ್ಟೀರಿಯಗಳನ್ನು ತಡೆಯಿತು.
4. ಅದುಮಿ ತುಂಬಿದ್ದರಿಂದ ಒಳಗೆ ಗಾಳಿಗೆ ಜಾಗ ಉಳಿಯಲಿಲ್ಲ.

ಉಪ್ಪಿನಕಾಯಿಯಲ್ಲೂ ಹೀಗೆಯೇ. ಉಪ್ಪು, ಹುಳಿ, ಮೇಲೆ ನಿಂತ ಎಣ್ಣೆ ಇವು ಮೂರೂ ಕಾವಲುಗಾರರು. ಜಾಮ್‌ನಲ್ಲಿ ಉಪ್ಪಿನ ಕೆಲಸವನ್ನು ಸಕ್ಕರೆ ಮಾಡುತ್ತದೆ. ಉಪ್ಪು ಅಥವಾ ಸಕ್ಕರೆ ಹೆಚ್ಚಿರುವ ಕಡೆ ಸೂಕ್ಷ್ಮಜೀವಿಯ ಕೋಶದೊಳಗಿನ ನೀರು ಹೊರಕ್ಕೆ ಹರಿದುಬರುತ್ತದೆ. ಇದಕ್ಕೆ ಅಭಿಸರಣೆ ಎನ್ನುತ್ತೇವೆ. ಸುತ್ತ ನೀರಿದ್ದರೂ ಸೂಕ್ಷ್ಮಜೀವಿಗೆ ಅದು ದಕ್ಕುವುದಿಲ್ಲ.

ಅಜ್ಜಿಯ ಪಟ್ಟಿಯಲ್ಲಿ ಇಲ್ಲದ ಐದನೆಯ ತಂತ್ರ ಒಂದಿದೆ. ಅದೇ ಕುದಿಸಿ, ಗಾಳಿ ಹೋಗದಂತೆ ಮುಚ್ಚಿಡುವುದು.

ಮಿಠಾಯಿ ಮಾಡುವವನ ಬಾಟಲಿ

ಸುಮಾರು 200 ವರ್ಷಗಳ ಹಿಂದಿನ ಮಾತು. ಫ್ರಾನ್ಸ್ ದೇಶದ ಸೈನ್ಯಕ್ಕೆ ದೂರದ ಯುದ್ಧಭೂಮಿಯಲ್ಲಿ ಕೆಡದ ಆಹಾರ ಬೇಕಾಗಿತ್ತು. ಮಿಠಾಯಿ ಮತ್ತು ಅಡುಗೆ ಮಾಡುವುದನ್ನೇ ಕಸುಬು ಮಾಡಿಕೊಂಡಿದ್ದ ನಿಕೊಲಾ ಅಪೇರ್ ಎಂಬಾತ ಹಲವು ವರ್ಷ ಪ್ರಯೋಗ ಮಾಡಿದ. ಆಹಾರವನ್ನು ಗಾಜಿನ ಬಾಟಲಿಗೆ ತುಂಬಿ, ಬೆಂಡಿನ ಬಿರಡೆ ಹಾಕಿ ಬಿಗಿದು, ಬಾಟಲಿ ಸಮೇತ ಕುದಿಯುವ ನೀರಿನಲ್ಲಿಟ್ಟ. ತಿಂಗಳುಗಟ್ಟಲೆ ಆಹಾರ ಕೆಡಲಿಲ್ಲ! ವಿಧಾನವನ್ನು ಎಲ್ಲರಿಗೂ ತಿಳಿಯುವಂತೆ ಪುಸ್ತಕವಾಗಿ ಪ್ರಕಟಿಸಬೇಕೆಂಬ ಷರತ್ತಿನ ಮೇಲೆ ಫ್ರಾನ್ಸ್ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ನೀಡಿತು. 1810ರಲ್ಲಿ ಪುಸ್ತಕ ಹೊರಬಂತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ಎಂಬಾತ ಗಾಜಿನ ಬದಲು ತವರ ಲೇಪಿಸಿದ ಕಬ್ಬಿಣದ ಡಬ್ಬಿಗೆ ಹಕ್ಕುಪತ್ರ ಪಡೆದ.

ಸ್ವಾರಸ್ಯವೇನೆಂದರೆ, ಆಹಾರ ಏಕೆ ಕೆಡಲಿಲ್ಲ ಎಂಬುದು ಅಪೇರ್‌ಗೆ ಗೊತ್ತಿರಲಿಲ್ಲ. ಕೆಡಿಸುವುದು ಸೂಕ್ಷ್ಮಜೀವಿಗಳು, ಶಾಖಕ್ಕೆ ಅವು ಸಾಯುತ್ತವೆ ಎಂಬುದನ್ನು ಲೂಯಿ ಪಾಶ್ಚರ್ ತೋರಿಸಿಕೊಟ್ಟಿದ್ದು ಅರ್ಧ ಶತಮಾನದ ನಂತರ, 1860ರ ದಶಕದಲ್ಲಿ.

ನಮ್ಮ ರಾಜ್ಯದಲ್ಲೇ, ಮೈಸೂರಿನ ಚೆಲುವಾಂಬ ಮಹಲಿನಲ್ಲಿ, 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಆಹಾರ ಸಂರಕ್ಷಣೆಯ ಬಗ್ಗೆ ಅಲ್ಲಿ ಇಂದಿಗೂ ಸಂಶೋಧನೆ ನಡೆಯುತ್ತಿದೆ.

ಹುಳಿಯೇ ಕಾವಲು: 4.6ರ ಗೆರೆ

ಈ ಭಾಗವನ್ನು ಎರಡು ಸಲ ಓದಿ. ಜೀವದ ಪ್ರಶ್ನೆ ಇದು.

ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯ ಇರುತ್ತದೆ. ಕಷ್ಟಕಾಲ ಬಂದಾಗ ಇದು ಗಟ್ಟಿ ಕವಚದ ಬೀಜಕವಾಗಿ ಕುಳಿತುಬಿಡುತ್ತದೆ. ಕುದಿಯುವ ನೀರಿಗೂ ಈ ಬೀಜಕ ಜಗ್ಗುವುದಿಲ್ಲ. ಗಾಳಿಯಿಲ್ಲದ ಕಡೆಯೇ ಇದಕ್ಕೆ ಇಷ್ಟ. ಮುಚ್ಚಿದ ಬಾಟಲಿಯೊಳಗೆ ಗಾಳಿ ಇಲ್ಲ, ಆಹಾರವಿದೆ, ನೀರಿದೆ. ಅಲ್ಲಿ ಅದು ಚಿಗುರಿ ಬೆಳೆದು ಭಯಂಕರ ವಿಷ ತಯಾರಿಸುತ್ತದೆ. ಈ ವಿಷ ನರಗಳ ಕೆಲಸವನ್ನು ನಿಲ್ಲಿಸುತ್ತದೆ. ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟಕ್ಕೇ ತೊಂದರೆಯಾಗುವುದು ಇದರ ಲಕ್ಷಣಗಳು. ಇಂತಹ ಲಕ್ಷಣ ಕಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇದನ್ನು ತಡೆಯುವುದು ಹೇಗೆ? ಉತ್ತರ: ಹುಳಿ. ಹುಳಿಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತೇವೆ. ಶುದ್ಧ ನೀರಿನ ಪಿಎಚ್ 7. ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಪಿಎಚ್ 4.6ಕ್ಕಿಂತ ಕಡಿಮೆಯಿದ್ದರೆ ಆ ಬೀಜಕ ಚಿಗುರಲಾರದು. ಆಗ ಉಳಿದ ಬೂಷ್ಟು, ಯೀಸ್ಟ್‌ಗಳನ್ನು ಕೊಲ್ಲಲು ಕುದಿಯುವ ನೀರೇ ಸಾಕು.

* ಹುಳಿ ಸಾಕಷ್ಟಿರುವವು: ನಿಂಬೆ, ಹುಣಸೆ, ನೆಲ್ಲಿ, ದ್ರಾಕ್ಷಿ, ದಾಳಿಂಬೆ, ಅನಾನಸ್, ಹುಳಿ ಮಾವಿನಕಾಯಿ.
* ಗೆರೆಯ ಹತ್ತಿರ ಇರುವುದು: ಟೊಮೆಟೊ. ಹುಳಿ ಸೇರಿಸಲೇಬೇಕು.
* ಹುಳಿ ಸಾಲದವು: ಪರಂಗಿ, ಬಾಳೆ, ಸೀತಾಫಲ, ಕಲ್ಲಂಗಡಿ. ಇವನ್ನು ಹಾಗೆಯೇ ಬಾಟಲಿಗೆ ತುಂಬಿ ಇಡಬಾರದು. ಚೆನ್ನಾಗಿ ಮಾಗಿದ ಸಿಹಿ ಮಾವೂ ಇದೇ ಸಾಲಿಗೆ ಸೇರಬಹುದು.
* ತರಕಾರಿ, ಕಾಳು, ಅಣಬೆ: ಇವುಗಳಲ್ಲಿ ಹುಳಿ ಇಲ್ಲ. ಬೀಜಕವನ್ನು ಕೊಲ್ಲಲು 121 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಅದಕ್ಕೆ ಒತ್ತಡದ ವಿಶೇಷ ಯಂತ್ರ ಬೇಕು. ಮನೆಯ ಕುಕ್ಕರ್ ಅದಕ್ಕೆ ಬದಲಿಯಲ್ಲ. ಅವರೆಕಾಳನ್ನು ಬಾಟಲಿಯಲ್ಲಿ ಕುದಿಸಿಡುವ ಸಾಹಸ ಬೇಡ, ಒಣಗಿಸಿಡಿ.

ನಮ್ಮೂರಿನಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ?

100 ಡಿಗ್ರಿ ಎಂದು ಥಟ್ಟನೆ ಹೇಳಿದಿರಾ? ಅದು ಸಮುದ್ರಮಟ್ಟದ ಲೆಕ್ಕ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರ್‌ಗೆ 1 ಡಿಗ್ರಿಯಷ್ಟು ಇಳಿಯುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳ ಊರುಗಳು ಹೆಚ್ಚಾಗಿ 600ರಿಂದ 800 ಮೀಟರ್ ಎತ್ತರದಲ್ಲಿವೆ. ಹಾಗಾದರೆ ಇಲ್ಲಿ ನೀರು ಕುದಿಯುವುದು 97ರಿಂದ 98 ಡಿಗ್ರಿಯ ಆಸುಪಾಸಿನಲ್ಲಿ! ಕುದಿಯುವ ನೀರು ಸ್ವಲ್ಪ ತಣ್ಣಗಿರುವುದರಿಂದ, ಸಮುದ್ರಮಟ್ಟದಲ್ಲಿ 35 ನಿಮಿಷ ಕುದಿಸಬೇಕಾದ ಟೊಮೆಟೊ ಬಾಟಲಿಯನ್ನು ನಾವು 40 ನಿಮಿಷ ಕುದಿಸಬೇಕು. ಶಾಲೆಯ ಪ್ರಯೋಗಾಲಯದ ಉಷ್ಣಮಾಪಕದಿಂದ ಇದನ್ನು ಗುರುಗಳ ಜೊತೆ ಪರೀಕ್ಷಿಸಿ ನೋಡಿ. ಜ್ವರ ನೋಡುವ ಉಷ್ಣಮಾಪಕ ಬಳಸಬೇಡಿ, ಅದು ಒಡೆದುಹೋಗುತ್ತದೆ.

ಟೊಮೆಟೊ ಬಾಟಲಿ ಮಾಡುವ ವಿಧಾನ

(ಒಲೆಯ ಕೆಲಸವನ್ನು ದೊಡ್ಡವರೇ ಮಾಡಬೇಕು. ತೊಳೆಯುವುದು, ಅಳೆಯುವುದು, ಸಮಯ ನೋಡುವುದು, ಚೀಟಿ ಬರೆಯುವುದು ನಿಮ್ಮ ಪಾಲು.)

ಬೇಕಾಗುವ ಸಾಮಗ್ರಿಗಳು: ಮಾಗಿದ, ಗಾಯವಿಲ್ಲದ ಟೊಮೆಟೊ, ಅರ್ಧ ಲೀಟರಿನ ಗಾಜಿನ ಬಾಟಲಿಗಳು, ಒಳಗೆ ರಬ್ಬರಿನಂತಹ ಪದರವಿರುವ ಹೊಸ ತಗಡಿನ ಮುಚ್ಚಳಗಳು, ಸಿಟ್ರಿಕ್ ಆಮ್ಲ, ಎತ್ತರದ ಪಾತ್ರೆ, ಹಳೆ ಬಟ್ಟೆ. ಸಿಟ್ರಿಕ್ ಆಮ್ಲವು ದಿನಸಿ ಅಂಗಡಿಯಲ್ಲಿ ಸಿಗುವ ಸಕ್ಕರೆಯಂತಹ ಬಿಳಿ ಹರಳು. ಅರ್ಧ ಲೀಟರಿನ ಒಂದು ಬಾಟಲಿಗೆ ಸುಮಾರು ಮುಕ್ಕಾಲು ಕೆ.ಜಿ. ಟೊಮೆಟೊ ಬೇಕಾಗುತ್ತದೆ.

ಜಾಮ್, ಉಪ್ಪಿನಕಾಯಿಯ ಖಾಲಿ ಬಾಟಲಿಗಳನ್ನೇ ಬಳಸಬಹುದು. ಬಾಯಿ ಸೀಳಿದ, ಬಿರುಕು ಬಿಟ್ಟವು ಬೇಡ. ಪ್ಲಾಸ್ಟಿಕ್ ಮುಚ್ಚಳದವೂ ಬೇಡ. ಬಾಟಲಿ ಹಳೆಯದಾದರೂ ಮುಚ್ಚಳ ಹೊಸದಿರಲಿ. ಇಲ್ಲಿ ಉಳಿತಾಯ ಮಾಡಲು ಹೋಗಬಾರದು.

1. ಬಾಟಲಿಗಳನ್ನು ಸೋಪಿನಿಂದ ತೊಳೆದು, ನೀರಿನಲ್ಲಿ 10 ನಿಮಿಷ ಕುದಿಸಿ, ಬಿಸಿಯಾಗಿಯೇ ಇಟ್ಟುಕೊಳ್ಳಿ. ತಣ್ಣನೆಯ ಗಾಜಿಗೆ ಬಿಸಿ ರಸ ಹೊಯ್ದರೆ ಒಳಪದರ ಹಿಗ್ಗುತ್ತದೆ, ಹೊರಪದರ ಹಿಗ್ಗುವುದಿಲ್ಲ. ಬಾಟಲಿ ಸೀಳುತ್ತದೆ.
2. ಟೊಮೆಟೊಗಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ, ತಣ್ಣೀರಿಗೆ ಹಾಕಿ. ಸಿಪ್ಪೆ ಸಲೀಸಾಗಿ ಬಿಡುತ್ತದೆ. ಹೆಚ್ಚಿ, ಕಿವುಚಿ.
3. ಸ್ಟೀಲ್ ಪಾತ್ರೆಯಲ್ಲಿ 5 ನಿಮಿಷ ಚೆನ್ನಾಗಿ ಕುದಿಸಿ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಬೇಡ. ಹುಳಿಯು ಲೋಹದೊಡನೆ ವರ್ತಿಸುತ್ತದೆ. ಕಿಣ್ವಗಳು ಈ ಹಂತದಲ್ಲೇ ನಿಷ್ಕ್ರಿಯವಾಗುತ್ತವೆ.
4. ಪ್ರತಿ ಬಾಟಲಿಗೆ ಕಾಲು ಟೀ ಚಮಚ ಸಿಟ್ರಿಕ್ ಆಮ್ಲ ಹಾಕಿ. ಮನೆಯ ನಿಂಬೆರಸದ ಹುಳಿ ಹಣ್ಣಿನಿಂದ ಹಣ್ಣಿಗೆ ಬೇರೆಯಾಗುತ್ತದೆ. ಆದ್ದರಿಂದ ಅಳತೆಯ ಹರಳೇ ಭರವಸೆಯದು.
5. ಕುದಿಯುವ ತಿರುಳನ್ನು ತುಂಬಿ. ಮೇಲೆ ಒಂದೂಕಾಲು ಸೆಂ.ಮೀ. ಜಾಗ ಬಿಡಿ. ಬಾಟಲಿಯ ಬಾಯಿಯನ್ನು ಶುಚಿಯಾದ ಬಟ್ಟೆಯಿಂದ ಒರೆಸಿ, ಮುಚ್ಚಳವನ್ನು ಬೆರಳ ಬಲದಷ್ಟೇ ಬಿಗಿ ಮಾಡಿ.
6. ಎತ್ತರದ ಪಾತ್ರೆಯ ತಳಕ್ಕೆ ಬಟ್ಟೆ ಮಡಚಿ ಹಾಕಿ, ಬಾಟಲಿಗಳನ್ನು ಒಂದಕ್ಕೊಂದು ತಗುಲದಂತೆ ನಿಲ್ಲಿಸಿ. ಮುಚ್ಚಳದ ಮೇಲೆ ಎರಡು ಬೆರಳಿನಷ್ಟು ಬಿಸಿನೀರು ನಿಲ್ಲಬೇಕು. ನೀರು ಕುದಿಯಲು ಶುರುವಾದ ಮೇಲೆ 40 ನಿಮಿಷ ಎಣಿಸಿ. ನಡುವೆ ಕುದಿ ನಿಂತರೆ ಮತ್ತೆ ಮೊದಲಿನಿಂದ ಎಣಿಸಬೇಕು.
7. ಹೊರತೆಗೆದು ಬಟ್ಟೆಯ ಮೇಲೆ, ಗಾಳಿ ಬೀಸದ ಕಡೆ ಒಂದು ದಿನ ಅಲುಗಾಡಿಸದೆ ಬಿಡಿ.

ತಣ್ಣಗಾದ ಮೇಲೆ ಮುಚ್ಚಳದ ನಡುಭಾಗವನ್ನು ನೋಡಿ. ಒಳಕ್ಕೆ ತಗ್ಗಿರುತ್ತದೆ. ಏಕೆ? ಮೇಲಿದ್ದ ಜಾಗದ ಗಾಳಿಯನ್ನು ಉಗಿ ಹೊರದೂಡಿತ್ತು. ತಣ್ಣಗಾದಾಗ ಉಗಿ ನೀರಾಯಿತು, ಒಳಗೆ ಒತ್ತಡ ಇಳಿಯಿತು, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿಹಿಡಿಯಿತು. ಅಂದರೆ ಬಾಟಲಿಗೆ ಬೀಗ ಹಾಕಿದ್ದು ವಾಯುಮಂಡಲ! ಬೆರಳಿನಿಂದ ಒತ್ತಿದಾಗ ಟಕ್ ಎಂದು ಏಳುಬೀಳು ಆದರೆ ಬೀಗ ಬಿದ್ದಿಲ್ಲ ಎಂದರ್ಥ. ಆ ಬಾಟಲಿಯನ್ನು ಅಂದೇ ಸಾರಿಗೆ ಬಳಸಿ.

ತಯಾರಿಸಿದ ದಿನಾಂಕದ ಚೀಟಿ ಅಂಟಿಸಿ, ಕತ್ತಲೆಯ ತಂಪು ಜಾಗದಲ್ಲಿಡಿ, ವರ್ಷದೊಳಗೆ ಮುಗಿಸಿ. ಒಮ್ಮೆ ತೆರೆದ ಬಾಟಲಿಯನ್ನು ಫ್ರಿಜ್ ಇಲ್ಲದ ಮನೆಯಲ್ಲಿ ಆ ದಿನವೇ ಖಾಲಿ ಮಾಡಬೇಕು. ಆದ್ದರಿಂದಲೇ ಸಣ್ಣ ಬಾಟಲಿ ಒಳ್ಳೆಯದು.

ಎಚ್ಚರಿಕೆ! ಮುಚ್ಚಳ ಉಬ್ಬಿದ್ದರೆ, ತೆರೆದಾಗ ಗಾಳಿ ಬುಸ್ಸೆಂದು ಹೊರಬಂದರೆ, ನೊರೆ ಅಥವಾ ಕೆಟ್ಟ ವಾಸನೆಯಿದ್ದರೆ ನಾಲಗೆಗೂ ತಾಗಿಸಬೇಡಿ. ರುಚಿ ನೋಡಿ ತೀರ್ಮಾನಿಸುವುದು ಅಪಾಯ. ಬೊಟುಲಿನಮ್ ವಿಷವಿದ್ದರೂ ವಾಸನೆ, ರುಚಿ ಬದಲಾಗದೆ ಇರಬಹುದು. ಅಂಥ ಬಾಟಲಿಯನ್ನು ದನ, ನಾಯಿ, ಕೋಳಿಗೆ ಸಿಗದಂತೆ ಆಳವಾದ ಗುಂಡಿಯಲ್ಲಿ ಹೂಳಬೇಕು.

ಬಿಸಿಲು ನಮ್ಮ ಬಂಡವಾಳ

ಬಾಟಲಿ, ಸೌದೆ ಯಾವುದೂ ಬೇಡದ ವಿಧಾನ ಒಣಗಿಸುವುದು. ಪಾವಗಡದ ತಿರುಮಣಿಯ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಬಂದಿರುವುದು ನಿಮಗೆ ಗೊತ್ತು. ಆ ಬಿಸಿಲು ನಮ್ಮ ಮನೆಯ ಮಾಳಿಗೆಯ ಮೇಲೂ ಬೀಳುತ್ತದೆ. ಜೊತೆಗೆ ನಮ್ಮ ಕಡೆಯ ಬೇಸಿಗೆಯ ಗಾಳಿ ಒಣಗಾಳಿ. ತೇವವಿಲ್ಲದ ಗಾಳಿ ಹಣ್ಣಿನ ನೀರನ್ನು ಬೇಗ ಹೀರುತ್ತದೆ. ಕರಾವಳಿಯವರಿಗೆ ಈ ಅನುಕೂಲ ಇಲ್ಲ.

ನೆಲ್ಲಿಕಾಯಿಯನ್ನು ಆವಿಯಲ್ಲಿ ಸ್ವಲ್ಪ ಬೇಯಿಸಿ, ಎಸಳು ಬಿಡಿಸಿ, ಉಪ್ಪು ಸವರಿ, ಮೊರದಲ್ಲಿ ಹರಡಿ, ನೊಣ ಕೂರದಂತೆ ತೆಳು ಬಟ್ಟೆ ಹೊದಿಸಿ ಒಣಗಿಸಿ. ಮಾವಿನಕಾಯಿ ಹೋಳುಗಳನ್ನೂ ಹೀಗೆ ಮಾಡಬಹುದು. ರಾತ್ರಿ ಒಳಗಿಡಿ. ವಿಟಮಿನ್ ಸಿ ಶಾಖ ಮತ್ತು ಬೆಳಕಿಗೆ ನಾಶವಾಗುವುದರಿಂದ, ಒಂದು ದಿನ ಬಿಸಿಲು ಕಾಣಿಸಿದ ಮೇಲೆ ಗಾಳಿಯಾಡುವ ನೆರಳಿನಲ್ಲಿ ಒಣಗಿಸಿದರೆ ಒಳ್ಳೆಯದು.

ಒಣಗಿತೇ ಎಂದು ತಿಳಿಯುವುದು ಹೇಗೆ? ಗಾಜಿನ ಬಾಟಲಿಗೆ ಮುಕ್ಕಾಲಿಗಿಂತ ಕಡಿಮೆ ತುಂಬಿ, ಮುಚ್ಚಿ, ಒಂದು ವಾರ ದಿನಕ್ಕೊಮ್ಮೆ ಅಲುಗಾಡಿಸಿ. ಗಾಜಿನ ಒಳಗೋಡೆಯ ಮೇಲೆ ನೀರಿನ ಹನಿ ಕಂಡರೆ ಇನ್ನೂ ತೇವವಿದೆ, ಮತ್ತೆ ಒಣಗಿಸಿ. ಹನಿ ಕಾಣದಿದ್ದರೆ ಎತ್ತಿಡಿ.

ಪರಂಗಿ ಹಣ್ಣಿಗೆ ಜಾಮ್ ಒಳ್ಳೆಯ ದಾರಿ. 1 ಕೆ.ಜಿ. ತಿರುಳಿಗೆ 1 ಕೆ.ಜಿ. ಸಕ್ಕರೆ, ಒಂದೂವರೆ ಟೀ ಚಮಚ ಸಿಟ್ರಿಕ್ ಆಮ್ಲ. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಹಾಕಿ ವಾಲಿಸಿದಾಗ ಹರಿಯದೆ ನಿಲ್ಲುವವರೆಗೆ ಕೈಯಾಡಿಸುತ್ತಾ ಕುದಿಸಬೇಕು. ಸಕ್ಕರೆ ಕಡಿಮೆ ಮಾಡಿದರೆ ಬೂಷ್ಟು ಬರುತ್ತದೆ. ಇಲ್ಲಿ ಸಕ್ಕರೆ ರುಚಿಗಷ್ಟೇ ಅಲ್ಲ, ಕಾವಲಿಗೆ.

ಲೆಕ್ಕ ಮಾಡೋಣ

ಬೆಲೆ ಬಿದ್ದಾಗ ಟೊಮೆಟೊ ಕೆ.ಜಿ.ಗೆ 6 ರೂ. ಎಂದುಕೊಳ್ಳಿ. 6 ಬಾಟಲಿಗೆ ನಾಲ್ಕೂವರೆ ಕೆ.ಜಿ., ಅಂದರೆ 27 ರೂ. ಮುಚ್ಚಳ ಒಂದಕ್ಕೆ 5 ರೂ.ನಂತೆ 30 ರೂ. ಸೌದೆ 20 ರೂ., ಸಿಟ್ರಿಕ್ ಆಮ್ಲ 3 ರೂ. ಒಟ್ಟು 80 ರೂ. ಬೆಲೆ ಏರಿ ಕೆ.ಜಿ.ಗೆ 40 ರೂ. ಆದಾಗ ಅಷ್ಟೇ ಟೊಮೆಟೊಗೆ 180 ರೂ. ಉಳಿತಾಯ 100 ರೂ. ಇವು ಉದಾಹರಣೆಯ ಬೆಲೆಗಳು. ನಿಮ್ಮ ಸಂತೆಯ ಬೆಲೆ ಹಾಕಿ ಲೆಕ್ಕ ಮಾಡಿ. ಕೆ.ಜಿ.ಗೆ ಎಷ್ಟು ರೂಪಾಯಿ ಆದಾಗ ಬಾಟಲಿ ಮಾಡಿದ್ದಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ? ಬಾಟಲಿಯನ್ನು ಹೊಸದಾಗಿ ಕೊಂಡರೆ ಲೆಕ್ಕ ಹೇಗೆ ಬದಲಾಗುತ್ತದೆ?

ಮಾಡಿ ನೋಡಿ

ನಾಲ್ಕು ಗಾಜಿನ ಲೋಟಗಳಲ್ಲಿ ಟೊಮೆಟೊ ಹೋಳುಗಳನ್ನಿಡಿ. ಮೊದಲನೆಯದು ಹಾಗೆಯೇ. ಎರಡನೆಯದಕ್ಕೆ ಹೋಳು ಮುಚ್ಚುವಷ್ಟು ಉಪ್ಪು. ಮೂರನೆಯದಕ್ಕೆ ಅಷ್ಟೇ ಸಕ್ಕರೆ. ನಾಲ್ಕನೆಯದಕ್ಕೆ ಒಣಗಿಸಿದ ಹೋಳು. ತೆಳು ಬಟ್ಟೆ ಕಟ್ಟಿ, ಒಂದು ವಾರ ಬಣ್ಣ, ವಾಸನೆ, ಬೂಷ್ಟು, ಹೊರಬಂದ ನೀರು ಇವನ್ನು ದಿನವೂ ಪಟ್ಟಿಯಲ್ಲಿ ಬರೆಯಿರಿ. ಯಾವುದನ್ನೂ ತಿನ್ನಬೇಡಿ.

ಪ್ರಶ್ನೆಗಳು

1. ಉಪ್ಪು ಹಾಕಿದ ಲೋಟದಲ್ಲಿ ನೀರು ಎಲ್ಲಿಂದ ಬಂತು?
2. ಬಾಟಲಿಯ ಮುಚ್ಚಳವನ್ನು ಒಳಕ್ಕೆ ಒತ್ತಿದವರು ಯಾರು?
3. ಮಡಿಕೇರಿ ನಮ್ಮೂರಿಗಿಂತ ಎತ್ತರದಲ್ಲಿದೆ. ಅಲ್ಲಿ ಬಾಟಲಿಯನ್ನು ಹೆಚ್ಚು ಹೊತ್ತು ಕುದಿಸಬೇಕೇ, ಕಡಿಮೆಯೇ? ಏಕೆ?
4. ಟೊಮೆಟೊವನ್ನು ಕುದಿಸಿಡಬಹುದು, ಅವರೆಕಾಳನ್ನು ಕುದಿಸಿಡಬಾರದು. ಕಾರಣವೇನು?

ಶಿಕ್ಷಕರಿಗೆ: ಆಹಾರ, ಸೂಕ್ಷ್ಮಜೀವಿಗಳು, ಆಮ್ಲ-ಪ್ರತ್ಯಾಮ್ಲ, ಗಾಳಿಯ ಒತ್ತಡ ಈ ಪಾಠಗಳಿಗೆ ಈ ಲೇಖನವನ್ನು ಜೋಡಿಸಿಕೊಳ್ಳಬಹುದು. ಹಣ್ಣುಗಳ ಹುಳಿಯನ್ನು ಲಿಟ್ಮಸ್ ಅಥವಾ ದಾಸವಾಳದ ರಸದಿಂದ ಮಕ್ಕಳೇ ಪರೀಕ್ಷಿಸಲಿ. ಆದರೆ 4.6ರ ಗೆರೆಯನ್ನು ಲಿಟ್ಮಸ್ ತೋರಿಸುವುದಿಲ್ಲ ಎಂಬುದನ್ನು ತಿಳಿಸಿ. ಬಣ್ಣ ನೋಡಿ ಸುರಕ್ಷಿತವೆಂದು ತೀರ್ಮಾನಿಸದೆ, ಅಳತೆಯ ಹುಳಿ ಹಾಕುವುದೇ ಸರಿಯಾದ ಕ್ರಮ. ಶಾಲೆಯಲ್ಲಿ ತಯಾರಿಸಿದ ಬಾಟಲಿಗಳನ್ನು ಬಿಸಿಯೂಟಕ್ಕೆ ಬಳಸುವುದು ಬೇಡ. ಪ್ರಾತ್ಯಕ್ಷಿಕೆಗೆ ಇರಲಿ. ಮಕ್ಕಳ ವಾರದ ಪಟ್ಟಿಯನ್ನು ಗೋಡೆ ಪತ್ರಿಕೆಯಲ್ಲಿ ಹಾಕಿಸಿ, ಮುಂದಿನ ಪೋಷಕರ ಸಭೆಯಲ್ಲಿ ತಾಯಂದಿರಿಗೆ ಮಕ್ಕಳಿಂದಲೇ ವಿವರಿಸಲು ಹೇಳಿ.